“ಇದನ್ನ ಮಾರಬಹುದಲ್ಲಾ?” ಅಂತ ಕೇಳುವ ಎಲ್ಲರಿಗೂ

ಪ್ರಶ್ನೆ ಯಾವಾಗಲೂ ಹೀಗೇ ಬರುತ್ತದೆ. “ಎಷ್ಟು ಚೆನ್ನಾಗಿ ಮಾಡ್ತೀರಿ! ಮಾರಬಹುದಲ್ಲಾ? ಸುಮ್ನೆ ಮನೆಯವರಿಗೇ ಕೊಟ್ಟು ವೇಸ್ಟ್ ಮಾಡ್ತೀರಿ.”

ಮಾರೋದಿಲ್ಲ. ಒಂದು ವರ್ಷದಿಂದ ನಾನು ಹಾಕಿದ ಕ್ರಾಸ್ ಸ್ಟಿಚ್ (ಗುಣಾಕಾರದ ಗುರುತಿನಂಥ ಹೊಲಿಗೆ), ನಮ್ಮ ಧಾರವಾಡದ ಕಸೂತಿ ಎಲ್ಲಾ ಮನೆಯವರಿಗೇ ಹೋಗಿದೆ. ಅಪ್ಪ, ಅತ್ತೆ, ತಂಗಿ, ತಮ್ಮನ ಕೂಸು. ಯುಗಾದಿಯಿಂದ ಯುಗಾದಿವರೆಗೆ ಯಾರಿಗೂ ಅಂಗಡಿಯ ಉಡುಗೊರೆ ತರುವುದಿಲ್ಲ ಅಂತ ತೀರ್ಮಾನ ಮಾಡಿದ್ದೆ. ಹಾಗೇ ನಡೆದುಕೊಂಡೆ. ಯಾಕೆ ಮಾರುವುದಿಲ್ಲ ಅಂತ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

“ವೇಸ್ಟ್” ಅನ್ನುವ ಮಾತಿಗೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಹಬ್ಬದ ದಿನ ಹೋಳಿಗೆ ತಿಂದು ಕೈ ತೊಳೆಯುವಾಗ “ಇದನ್ನ ಮನೆಯವರಿಗೆ ಬಡಿಸಿ ವೇಸ್ಟ್ ಮಾಡಿದಿರಿ” ಅಂತ ಯಾರಾದರೂ ಅನ್ನುತ್ತಾರಾ? ಸೂಜಿ ದಾರದ ಕೆಲಸಕ್ಕೆ ಮಾತ್ರ ಯಾಕೆ ಆ ಮಾತು?

ಈ ಪ್ರಶ್ನೆ ಅತಿ ಜೋರಾಗಿ ಬಂದದ್ದು ತಮ್ಮನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ. ನಮ್ಮ ಧಾರವಾಡದ ಕಡೆ ಕೂಸಿಗೆ ಕುಂಚಿಗೆ ಹಾಕುತ್ತೇವೆ. ತಲೆಗೆ ಟೊಪ್ಪಿಗೆ, ಹಿಂದೆ ಬೆನ್ನು ಮುಚ್ಚುವ ಬಟ್ಟೆ, ಎರಡೂ ಕೂಡಿಯೇ ಇರುತ್ತವೆ. ನಾನು ನಡುವೆ ಮೆತ್ತನೆಯ ಹತ್ತಿ ಬಟ್ಟೆ ಇಟ್ಟು, ಅಂಚಿಗೆ ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ, ಹಚ್ಚಿದ್ದೆ. ಬೆನ್ನ ಮೇಲೆ ತೊಟ್ಟಿಲು, ಆಚೆ ಈಚೆ ಆನೆ, ಕೆಳಗೆ ನವಿಲಿನ ಸಾಲು. ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಮೆಂತಿ ಅಂದರೆ ಕ್ರಾಸ್ ಸ್ಟಿಚ್ಚೇ. ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವ ಹಾಗಿಲ್ಲ. ಎಳೆ ಎಣಿಸಿಯೇ ಹೋಗಬೇಕು. ಮೆತ್ತನೆ ಬಟ್ಟೆಯಲ್ಲಿ ಎಳೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಮೇಲೆ ಜಾಳು ಕ್ಯಾನ್ವಾಸ್ ಇಟ್ಟು ಟಾಕಿ, ಅದರ ಚೌಕ ಹಿಡಿದು ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆ ಒಂದೊಂದೇ ಎಳೆದು ತೆಗೆಯಬೇಕು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿ ಮುಗಿಸುತ್ತೇವೆ. ಕೂಸಿನ ಬಟ್ಟೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎಳೆ ಚರ್ಮಕ್ಕೆ ಏನೂ ಒತ್ತುವುದಿಲ್ಲ.

ಕುಂಚಿಗೆ ತಟ್ಟೆಯಲ್ಲಿತ್ತು. ತಮ್ಮನ ಹೆಂಡತಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ದೂರದ ಸಂಬಂಧಿಕರೊಬ್ಬರು ಅದನ್ನು ಎತ್ತಿಕೊಂಡರು. ಚೆನ್ನಾಗಿದೆ ಅಂದರು. ತಕ್ಷಣ ಮೊಬೈಲ್ ತೆಗೆದು ಲೆಕ್ಕಕ್ಕೆ ಇಳಿದರು.

“ಒಂದಕ್ಕ ಎಂಟ್ನೂರು ಹಿಡೀರಿ. ತಿಂಗಳಿಗೆ ಇಪ್ಪತ್ತು ಮಾಡಿದ್ರ ಹದಿನಾರು ಸಾವಿರ ಆತಲ್ರಿ! ಸಾಲಿಯಿಂದ ಬಂದ ಮ್ಯಾಲೆ ಹ್ಯಾಂಗೂ ಖಾಲಿ ಇರ್ತೀರಿ.”

ಸೋಬಾನೆ ಹಾಡುವವರೂ ನಿಲ್ಲಿಸಿ ಕೇಳತೊಡಗಿದರು. “ಹಂಗಾದ್ರ ನೀವು ಎಷ್ಟು ತಗೋತೀರಿ? ಬರಕೋತೀನಿ” ಅಂದೆ.

“ಅಯ್ಯ, ನನಗ್ಯಾಕ? ನಮ್ಮ ಮನ್ಯಾಗ ಕೂಸು ಯಾರದಾರ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಇವತ್ತಿಗೂ ನನ್ನೊಳಗೆ ಕೂತಿದೆ. ಮಾರು ಅಂತ ಹೇಳುವವರು ಯಾರೂ ಕೊಳ್ಳುವವರಲ್ಲ. ಕೂಸಿಗೆ ಕುಂಚಿಗೆ ಹಾಕುವ ಮೊದಲೇ ಅದಕ್ಕೆ ರೇಟು ಕಟ್ಟಿಯಾಗಿತ್ತು. ತೊಟ್ಟಿಲು ಇದೆ, ಆನೆ ಇದೆ, ನವಿಲು ಎಷ್ಟಿವೆ ಅಂತ ಒಬ್ಬರೂ ನೋಡಲಿಲ್ಲ.

ಲೆಕ್ಕವೇ ಬೇಕು ಅಂದರೆ ಸರಿಯಾದ ಲೆಕ್ಕ ಮಾಡೋಣ. ಅಪ್ಪನಿಗೆ ಹಾಕಿಕೊಟ್ಟ ಕ್ರಾಸ್ ಸ್ಟಿಚ್ ಚಿತ್ರದ್ದು 14 ಕೌಂಟ್ ಬಟ್ಟೆ. ಒಂದು ಇಂಚಿಗೆ 14 ಚೌಕ, ಚದರ ಇಂಚಿಗೆ 196 ಕ್ರಾಸ್. ಚಿತ್ರ 8 ಇಂಚು ಅಗಲ, 5 ಇಂಚು ಎತ್ತರ. ಒಟ್ಟು 7,840 ಕ್ರಾಸ್. ಒಂದೊಂದು ಕ್ರಾಸಿಗೂ ಸೂಜಿ ಎರಡು ಸಲ ಮೇಲೆ ಬರಬೇಕು, ಎರಡು ಸಲ ಕೆಳಗೆ ಹೋಗಬೇಕು. ಮೇಲಿನ ಗೆರೆ ಎಲ್ಲಾ ಕ್ರಾಸಿನಲ್ಲೂ ಒಂದೇ ಕಡೆಗೆ ವಾಲಬೇಕು. ಒಂದು ತಪ್ಪಿದರೂ ಬೆಳಕು ಬಿದ್ದಾಗ ಅದೊಂದೇ ಎದ್ದು ಕಾಣುತ್ತದೆ. ಗಂಟೆಗೆ 150 ಕ್ರಾಸ್ ಅಂತ ಹಿಡಿಯಿರಿ. ಐವತ್ತು ಗಂಟೆ ದಾಟುತ್ತದೆ. ಗಂಟೆಗೆ ಬರೀ 50 ರೂಪಾಯಿ ಹಾಕಿದರೂ ಕೂಲಿಯೇ 2,500 ರೂಪಾಯಿಗಿಂತ ಜಾಸ್ತಿ. ಬಟ್ಟೆ, ದಾರ, ಗಾಜಿನ ಫ್ರೇಮು ಬೇರೆ. ಇಷ್ಟು ಕೊಟ್ಟು ಕೊಳ್ಳುವವರು ಯಾರು ಹೇಳಿ. ಇನ್ನು ತಿಂಗಳಿಗೆ ಇಪ್ಪತ್ತು ಮಾಡುವುದು ಹೇಗೆ ಅಂತಲೂ ಹೇಳಿ.

ಮಾರುವುದು ಕೀಳು ಅಂತ ನಾನು ಹೇಳುತ್ತಿಲ್ಲ. ಧಾರವಾಡ, ಹುಬ್ಬಳ್ಳಿ ಸುತ್ತಮುತ್ತ ಕಸೂತಿ ಹಾಕಿ ಮನೆ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಅವರ ಕೈಯ ವೇಗವೂ ಅಚ್ಚುಕಟ್ಟೂ ನನಗಿಲ್ಲ. ಕಸೂತಿಗೆ ಜಿಐ ಟ್ಯಾಗ್ (ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು) ಬಂತು, ಹೆಸರು ದೊಡ್ಡದಾಯಿತು. ಆದರೂ ಅವರ ಸೀರೆಯ ಮುಂದೆ ನಿಂತು “ಮಷೀನಿನದ್ದು ಇದರ ಕಾಲು ಭಾಗಕ್ಕೆ ಸಿಗುತ್ತೆ” ಅನ್ನುವವರಿಗೆ ಕಡಿಮೆಯಿಲ್ಲ. ಮಷೀನಿನ ಸೀರೆಯನ್ನು ಒಮ್ಮೆ ತಿರುಗಿಸಿ ನೋಡಿ. ಒಳಗಿನ ದಾರವೇ ಬೇರೆ, ನೋಟವೇ ಬೇರೆ. ಕೈಯಲ್ಲಿ ಹಾಕಿದ ಗವಂತಿ ಎರಡೂ ಕಡೆ ಒಂದೇ ಥರ ಇರುತ್ತದೆ. ಸೂಜಿ ಹೋದ ದಾರಿಯಲ್ಲೇ ವಾಪಸ್ ಬಂದು, ಬಿಟ್ಟ ಜಾಗವನ್ನೆಲ್ಲ ತುಂಬುತ್ತದೆ. ಎಲ್ಲಿಂದ ಹೊರಟರೆ ಎಲ್ಲಿಗೆ ಮುಗಿಯುತ್ತದೆ ಅಂತ ಹಾಕುವವಳ ತಲೆಯಲ್ಲಿ ಮೊದಲೇ ಇರಬೇಕು. ಗೋಪುರ, ತೇರು ಹಾಕುವಾಗ ಇದು ಸಣ್ಣ ಕೆಲಸ ಅಲ್ಲ. ಆ ಕೆಲಸಕ್ಕೆ ತಕ್ಕ ದುಡ್ಡು ಸಿಗಬೇಕು. ನನ್ನನ್ನು ಮಾರು ಅನ್ನುವ ಮೊದಲು ಅವರ ಹತ್ತಿರ ಒಂದು ಸೀರೆ ಕೊಳ್ಳಿ. ಚೌಕಾಸಿ ಮಾಡಬೇಡಿ.

ನನಗೆ ಸಂಬಳ ಬರುವ ಕೆಲಸ ಇದೆ. ಸೂಜಿ ಹಿಡಿಯುವುದು ಸಂಬಳಕ್ಕಲ್ಲ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 1598ರ ಒಂದು ಸ್ಯಾಂಪ್ಲರ್, ಅಂದರೆ ಹೊಲಿಗೆಯ ಮಾದರಿಗಳನ್ನು ಹಾಕಿದ ಬಟ್ಟೆ, ಇದೆ. ಇಸವಿ ಹಾಕಿದ ಬ್ರಿಟನ್ನಿನ ಇಂಥ ಬಟ್ಟೆಗಳಲ್ಲಿ ಅದೇ ಹಳೆಯದು ಅನ್ನುತ್ತಾರೆ. ಹಾಕಿದವಳು ಜೇನ್ ಬಾಸ್ಟಾಕ್. ಅದರಲ್ಲಿ ಹೂಬಳ್ಳಿ, ಪ್ರಾಣಿಗಳ ಜೊತೆ ಒಂದು ಮಾತನ್ನೂ ಹೊಲಿದಿದ್ದಾಳೆ. ಆಲಿಸ್ ಲೀ ಅನ್ನುವ ಮಗು 1596ರ ನವೆಂಬರ್ 23, ಮಂಗಳವಾರ ಮಧ್ಯಾಹ್ನ ಹುಟ್ಟಿತು ಅಂತ. ಬಂಧುಗಳ ಮನೆಯ ಕೂಸು ಹುಟ್ಟಿದ ವಾರ, ಹೊತ್ತು ಸಮೇತ! ಇದನ್ನು ಓದಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಕುಂಚಿಗೆಯ ಒಳಮಗ್ಗುಲಲ್ಲಿ ತಮ್ಮನ ಮಗ ಹುಟ್ಟಿದ ತಿಥಿ, ಹೊತ್ತು ಎರಡನ್ನೂ ಸಣ್ಣದಾಗಿ ಹಾಕಿದೆ. ಮೊಬೈಲಿನಲ್ಲಿ ಲೆಕ್ಕ ಮಾಡಿದವರಿಗೆ ಅದು ಕಾಣಲಿಲ್ಲ. ಕೂಸಿನ ತಾಯಿಗೆ ಕಂಡಿತು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಯಾರಿಗೆ ಯಾವ ಚಿತ್ರ ಅಂತ ಹೇಗೆ ಆರಿಸಿದೆ? ಯಾರೂ ಕೇಳಲಿಲ್ಲ. ನಾನೇ ಹೇಳುತ್ತೇನೆ.

ಅಪ್ಪ ರೈಲ್ವೆಯಲ್ಲಿದ್ದರು. ಅಳ್ನಾವರದಲ್ಲಿ ಇದ್ದ ವರ್ಷಗಳ ಬಗ್ಗೆ ಇವತ್ತಿಗೂ ಮಾತಾಡುತ್ತಾರೆ. ಅವರಿಗೆ ದೇವರ ಚಿತ್ರ ಬೇಡ, ಹೂವು ಬೇಡ. ಆ ಅಳ್ನಾವರ ಸ್ಟೇಷನ್ನಿನ ಹಳದಿ ಬೋರ್ಡು ಹಾಕಿದೆ. ಹಳದಿಯ ಮೇಲೆ ಕಪ್ಪು ಅಕ್ಷರ, ಮೂರು ಲಿಪಿ. ಇಂಗ್ಲಿಷ್ ಅಕ್ಷರ ಸುಲಭ. ಏಳೆಂಟು ಚೌಕದ ಎತ್ತರದಲ್ಲಿ ಮುಗಿದುಹೋಗುತ್ತದೆ. ಹಿಂದಿಗೆ ಮೇಲಿನ ಗೆರೆಯ ಆಸರೆ ಇದೆ. ಕನ್ನಡ ಬಂದಾಗ ಕಷ್ಟ ಶುರು. ನಮ್ಮ ಅಕ್ಷರ ಗುಂಡಗೆ, ಬಟ್ಟೆ ಪೂರ್ತಿ ಚೌಕ. ‘ಅ’ ಬಿಡಿಸಿದರೆ ಮೂಲೆ ಮೂಲೆ ಬರುತ್ತದೆ. ‘ಳ’ ಕೆಳಗೆ ‘ನ’ ಒತ್ತು ಕೊಡಬೇಕು, ಪಕ್ಕದಲ್ಲಿ ದೀರ್ಘ ಎಳೆಯಬೇಕು. ಇಂಗ್ಲಿಷಿನ ಹಾಗೆ ರೆಡಿ ಅಕ್ಷರಮಾಲೆ ನನಗೆ ಎಲ್ಲೂ ಸಿಗಲಿಲ್ಲ. ಗ್ರಾಫ್ ಹಾಳೆ ತಂದು ಪೆನ್ಸಿಲ್ಲಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒತ್ತಕ್ಷರ ಸೇರಿಸಿ ಇಪ್ಪತ್ತು ಚೌಕದ ಎತ್ತರ ಕೊಟ್ಟಾಗ ಅಕ್ಷರ ಉಸಿರಾಡಿತು. ಗುಂಡು ಬರಬೇಕಾದ ಕಡೆ ಅರ್ಧ ಕ್ರಾಸ್ ಹಾಕಿ ಮೂಲೆ ಮುರಿದೆ. ಕನ್ನಡದ ಸಾಲನ್ನೇ ಎಲ್ಲಕ್ಕಿಂತ ದೊಡ್ಡದು ಮಾಡಿದೆ.

ಹಳದಿ ದಾರವೇ ನಾಲ್ಕೈದು ಲಡಿ ಹಿಡಿಯಿತು. ಒಂದೇ ಸಲ ತಂದಿಟ್ಟುಕೊಂಡೆ. ಒಂದೇ ನಂಬರಿನ ದಾರವಾದರೂ ಬೇರೆ ಬೇರೆ ಸಲದ ಬಣ್ಣ ಹೊಂದುತ್ತದೆ ಅಂತ ಭರವಸೆ ಇಲ್ಲ. ಅಪ್ಪ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. “ಜಂಕ್ಷನ್ ಅಂತ ಹಾಕಬೇಕಿತ್ತು” ಅಂದರು. ಈಗ ಅದು ಅವರ ಮಂಚದ ಎದುರಿನ ಗೋಡೆಯ ಮೇಲಿದೆ. ಬಂದವರಿಗೆಲ್ಲ ದಾಂಡೇಲಿ ಕಡೆಗೆ ಲೈನ್ ಅಲ್ಲಿಂದ ಹೇಗೆ ಒಡೆಯುತ್ತದೆ ಅಂತ ವಿವರಿಸುತ್ತಾರೆ.

ತಂಗಿ ಅಮೆರಿಕದಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಅವಳಿಗೆ ತುಳಸಿಕಟ್ಟೆ. ಕಸೂತಿಯ ಹಳೇ ಚಿತ್ರ, ಗವಂತಿ ಬಂದರೆ ಸಾಕು.

ಇನ್ನು ಅತ್ತೆಯವರದ್ದು. ಇದೇ ಈ ವರ್ಷ ನನ್ನನ್ನು ಪೂರ್ತಿ ಹಿಡಿದುಕೊಂಡ ಕೆಲಸ. ಮದುವೆಗೆ ಮುಂಚೆ ಅವರು ಮ್ಯಾಟಿ ಬಟ್ಟೆಯ (ಚೌಕ ಚೌಕವಾಗಿ ನೇಯ್ದ ಬಟ್ಟೆ) ಮೇಲೆ ಒಂದು ಕ್ರಾಸ್ ಸ್ಟಿಚ್ ಹಾಕಿದ್ದರಂತೆ. ಮಾವಿನ ಟೊಂಗೆ, ಎದುರು ಬದುರು ಎರಡು ಗಿಳಿ, ಕೆಳಗೆ ಇಂಗ್ಲಿಷಿನಲ್ಲಿ ವೆಲ್ಕಂ. ಒಂದು ಕಾಲದಲ್ಲಿ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಇಂಥದ್ದೊಂದು ಗಾಜಿನ ಫ್ರೇಮು ಇರುತ್ತಿತ್ತು, ಅಲ್ವಾ? ತವರುಮನೆ ಪಾಲಾದಾಗ ಆ ಫ್ರೇಮು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಪಾತ್ರೆ ಪಗಡೆಗೆ ಜಗಳ ಆಯಿತು, ಗಿಳಿಗಳನ್ನು ಯಾರೂ ಕೇಳಲಿಲ್ಲ ಅಂತ ಅತ್ತೆ ಹೇಳಿದರು. ಬೇಜಾರೇನೂ ಇಲ್ಲದವರ ಥರ ಹೇಳಿದರು. ನಾನು ಅದನ್ನು ಬಿಡಲಿಲ್ಲ.

ಅವರ ಮದುವೆಯ ಒಂದು ಕಪ್ಪು ಬಿಳುಪು ಫೋಟೋದಲ್ಲಿ ಹಿಂದಿನ ಗೋಡೆಯ ಮೇಲೆ ಆ ಫ್ರೇಮು ಇದೆ. ಅರ್ಧ ಕಾಣುತ್ತದೆ. ಇನ್ನರ್ಧ ಮಾವನವರ ಬಾಸಿಂಗದ ಹಿಂದೆ. ಫೋಟೋವನ್ನು ಸ್ಕ್ಯಾನ್ ಮಾಡಿಸಿ, ದೊಡ್ಡದು ಮಾಡಿಸಿ, ಕಂಡ ಭಾಗವನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಕಾಣದ ಭಾಗವನ್ನು ಅತ್ತೆಯವರನ್ನೇ ಕೇಳಬೇಕಾಯಿತು. ಬಣ್ಣವನ್ನೂ ಕೇಳಬೇಕಾಯಿತು. ದಾರದ ಡಬ್ಬಿ ಮುಂದಿಟ್ಟೆ. ಗಿಳಿಯ ಕೊಕ್ಕಿಗೆ ಕೆಂಪು ತೆಗೆದೆ.

“ಕೆಂಪು ಅಲ್ಲವ್ವಾ, ರಾಣಿ ಬಣ್ಣ. ಕೆಂಪು ದಾರ ಮುಗಿದಿತ್ತು. ಅಪ್ಪ ಪ್ಯಾಟಿಗೆ ಹೋಗಿ ರಾಣಿ ಬಣ್ಣ ತಂದ್ರು.”

ಅಲ್ಲಿಂದ ಅವರ ಮಾತು ನಿಲ್ಲಲಿಲ್ಲ. ಬಲಗಡೆ ಗಿಳಿಯ ಬಾಲ ಚಿಕ್ಕದು, ಯಾಕೆಂದರೆ ಬಟ್ಟೆ ಸಾಲಲಿಲ್ಲ. ಬಾಸಿಂಗದ ಹಿಂದೆ ಮೂರು ಮಾವಿನಕಾಯಿ ಇವೆ. ಹಗಲು ಮನೆಗೆಲಸ, ರಾತ್ರಿ ಕಂದೀಲಿನ ಬೆಳಕಲ್ಲಿ ಕ್ರಾಸು. ಚಿತ್ರ ಕೊಟ್ಟವಳು ಓಣಿಯ ಗೆಳತಿ. ಅವಳ ಹೆಸರು, ಅವಳ ಗಂಡನ ಊರು, ಅವಳು ಹಾಕುತ್ತಿದ್ದ ಬಳೆ, ಎಲ್ಲಾ ಬಂತು. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷದಲ್ಲಿ ಅತ್ತೆ ತಮ್ಮ ಬಗ್ಗೆ ಅಷ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಊಟಕ್ಕೇನು, ಔಷಧಿ ತಗೊಂಡ್ರಾ, ಇಷ್ಟೇ ನಮ್ಮ ಮಾತು ಆಗಿತ್ತು.

ಬಲಗಡೆ ಗಿಳಿಯ ಬಾಲವನ್ನು ನಾನು ಚಿಕ್ಕದೇ ಇಟ್ಟೆ. ಬಟ್ಟೆ ಬೇಕಾದಷ್ಟಿತ್ತು. ಆದರೂ ಅವರದ್ದು ಹೇಗಿತ್ತೋ ಹಾಗೇ ಇರಬೇಕು. ಕಣ್ಣಿನ ಆಪರೇಷನ್ ಆದಮೇಲೆ ಅವರು ಸೂಜಿ ಮುಟ್ಟಿರಲಿಲ್ಲ. ಒಂದು ಮಧ್ಯಾಹ್ನ ಪಡಸಾಲೆಯ ಬೆಳಕಿನಲ್ಲಿ ಕೂತು, ಸೂಜಿಗೆ ನನ್ನಿಂದ ದಾರ ಪೋಣಿಸಿಕೊಂಡು, ಮೂರು ಮಾವಿನಕಾಯಿಯನ್ನು ಅವರೇ ಹಾಕಿದರು. ಅವರ ಕ್ರಾಸು ನನ್ನದಕ್ಕಿಂತ ಬಿಗಿ. ಮೇಲಿನ ಗೆರೆಯೂ ನನ್ನದಕ್ಕೆ ಎದುರು ವಾಲುತ್ತದೆ. ಆ ಜಾಗ ಬೇರೆಯಾಗಿಯೇ ಕಾಣುತ್ತದೆ. ಅದನ್ನು ಬಿಚ್ಚಿ ಸರಿ ಮಾಡು ಅಂತ ಒಬ್ಬರು ಸಲಹೆ ಕೊಟ್ಟರು. ಅವರಿಗೆ ನಾನು ಚಹಾ ಕೂಡ ಕೊಡಲಿಲ್ಲ.

ಈಗ ಹೇಳಿ, ಇದನ್ನು ಯಾರಿಗೆ ಮಾರಲಿ?

ನಿಮ್ಮ ಮನೆಯ ಅಟ್ಟದಲ್ಲೋ ಸೋದರಮಾವನ ಮನೆಯ ಗೋಡೆಯ ಮೇಲೋ ಇಂಥ ಫ್ರೇಮು ಇದ್ದರೆ ಈ ವಾರವೇ ಇಳಿಸಿ ನೋಡಿ. ಗಾಜಿಗೆ ಬಟ್ಟೆ ಅಂಟಿಕೊಂಡಿದ್ದರೆ ಜಗ್ಗಬೇಡಿ. ಕಿಟಕಿಯ ಪಕ್ಕ ಇಟ್ಟು, ಬೆಳಕು ಗಾಜಿನ ಮೇಲೆ ಹೊಳೆಯದ ಹಾಗೆ ಓರೆ ಮಾಡಿ, ಒಂದೊಂದು ಮೂಲೆಯನ್ನೂ ಹತ್ತಿರದಿಂದ ಫೋಟೋ ತೆಗೆಯಿರಿ. ಹಾಕಿದವರು ಇನ್ನೂ ಇದ್ದರೆ ಪಕ್ಕ ಕೂತು ಬಣ್ಣ ಯಾವುದು, ದಾರ ಎಲ್ಲಿಯದು, ಚಿತ್ರ ಯಾರು ಕೊಟ್ಟದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಗ್ರಾಫ್ ಹಾಳೆಗೆ ಇಳಿಸುವುದು ಗೊತ್ತಾಗದಿದ್ದರೆ ನನಗೆ ಕಳಿಸಿ. ಅದನ್ನು ನಾನು ಮಾಡಿಕೊಡುತ್ತೇನೆ. ಹೊಲಿಯುವುದು ಮಾತ್ರ ನೀವೇ.