ಅಗಲ ಪಾದಕ್ಕೆ ಉದ್ದದ ಬೂಟು ಬೇಡ

ನಮ್ಮ ಬದಿಯಡ್ಕ, ಪೆರ್ಲದ ಕಡೆ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರ ಪಾದ ಬೆರಳುಗಳ ಬುಡದಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಕಾಸರಗೋಡಿನ ಪೇಟೆಯಲ್ಲಿ ಶೂ ಕೊಳ್ಳುವಾಗ ಅಗಲ ಸಾಲದಿದ್ದರೆ ಒಂದು ನಂಬ್ರ ದೊಡ್ಡದನ್ನು ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ದಿನಬಳಕೆಯ ಶೂವಿಗೆ ಈ ಉಪಾಯ ನಡೆಯುತ್ತದೆ. ಹಿಮದ ಮೇಲೆ ಜಾರುವ ಉದ್ದ ಹಲಗೆಗೆ, ಅಂದರೆ ಸ್ಕೀಗೆ, ಸಿಕ್ಕಿಸುವ ಸ್ಕೀ ಬೂಟಿಗೆ ಇದು ಎಷ್ಟು ಕೆಡುಕು ಮಾಡುತ್ತದೆಂಬುದನ್ನು ನಾನು ಗುಲ್ಮಾರ್ಗದ ಹಿಮದಲ್ಲಿ ಐದು ದಿನ ಅನುಭವಿಸಿದ್ದೇನೆ. ಬರುವ ಜನವರಿಯಲ್ಲಿ ಅಕ್ಕನ ಮಗ ಸ್ಕೀಯಿಂಗ್ ಕಲಿಯಲು ಅಲ್ಲಿಗೇ ಹೊರಟಿರುವುದರಿಂದ, ಅವನಿಗೆ ಹೇಳಿದ್ದನ್ನು ಇಲ್ಲಿಯೂ ಬರೆದಿಡುತ್ತಿದ್ದೇನೆ.

ಅಂದು ಬಾಡಿಗೆಯ ಅಂಗಡಿಯಲ್ಲಿ ಶೂ ನಂಬ್ರ ಕೇಳಿದರು. ಒಂಬತ್ತು ಎಂದೆ. 28 ಎಂದು ಬರೆದಿದ್ದ ಬೂಟು ಕೊಟ್ಟರು. ಯಾರೂ ಪಾದ ಅಳೆಯಲಿಲ್ಲ, ಅಳೆಯಿರೆಂದು ನಾನೂ ಕೇಳಲಿಲ್ಲ. ಹಾಕಿಕೊಂಡಾಗ ಹಾಯಾಗಿಯೇ ಇತ್ತು. ಇಳಿಜಾರಿನಲ್ಲಿ ತಿರುಗಲು ಹೊರಟಾಗ ಮಾತ್ರ ಬೂಟಿನೊಳಗೆ ಹಿಮ್ಮಡಿ ಮೇಲೇಳುತ್ತಿತ್ತು, ಕಾಲು ತಿರುಗಿದರೂ ಸ್ಕೀ ತಿರುಗುತ್ತಿರಲಿಲ್ಲ. ಅದಕ್ಕಾಗಿ ಬಕಲ್‌ಗಳನ್ನು ಇನ್ನಷ್ಟು ಬಿಗಿದೆ. ಪಾದದ ಮೇಲ್ಭಾಗ ಅದುಮಿ ಬೆರಳುಗಳು ಮರಗಟ್ಟಿದವು. ಮೂರನೆಯ ದಿನ ಹೆಬ್ಬೆರಳಿನ ಉಗುರು ಕಪ್ಪಾಯಿತು. ಬೂಟು ಚಿಕ್ಕದಾಯಿತೆಂದೇ ನಾನು ತಿಳಿದಿದ್ದೆ. ನಿಜವಾಗಿ ಅದು ದೊಡ್ಡದಾದ ಕಾರಣ ಪಾದ ಮುಂದಕ್ಕೆ ಜಾರಿ ಪ್ರತಿ ಸಲವೂ ತುದಿಗೆ ಬಡಿಯುತ್ತಿತ್ತು.

ಸ್ಕೀ ಬೂಟಿನ ಅಳತೆಗೆ ಮಾಂಡೋಪಾಯಿಂಟ್ ಎನ್ನುತ್ತಾರೆ. ಅದು ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುವ ಲೆಕ್ಕ, ಅಷ್ಟೆ. ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಅತಿ ಉದ್ದದ ಬೆರಳಿನ ತುದಿಯಲ್ಲಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಗುರುತು ಹಾಕಬೇಕು. ಎರಡೂ ಪಾದಗಳನ್ನು ಅಳೆಯಬೇಕು, ಏಕೆಂದರೆ ಅವು ಅನೇಕರಲ್ಲಿ ಸಮನಾಗಿರುವುದಿಲ್ಲ. ಊರಿಗೆ ಮರಳಿ ಅಳೆದಾಗ ನನ್ನ ಬಲಪಾದ 26.3, ಎಡಪಾದ 26.1 ಬಂತು. ನನಗೆ ಬೇಕಾಗಿದ್ದದ್ದು 26.5, ಸಿಕ್ಕಿದ್ದು ಅದಕ್ಕಿಂತ ಒಂದೂವರೆ ಸೆಂಟಿಮೀಟರ್ ಉದ್ದದ್ದು.

ಅಗಲಕ್ಕೆ ಬೇರೆಯೇ ಅಂಕಿ ಇದೆ, ನಮ್ಮಂಥವರು ಮುಖ್ಯವಾಗಿ ನೋಡಬೇಕಾದದ್ದು ಅದನ್ನೇ. ಲಾಸ್ಟ್ ಎಂದು ಕರೆಯುವ ಈ ಅಳತೆ ಬೆರಳುಗಳ ಬುಡದಲ್ಲಿ ಬೂಟಿನೊಳಗೆ ಎಷ್ಟು ಜಾಗವಿದೆ ಎಂಬುದನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ: ಸಾಮಾನ್ಯವಾಗಿ 26.5ರ ಬೂಟಿನಲ್ಲಿ 98ರ ಸುಮಾರಿನದು ಕಿರಿದು, 100 ಮಧ್ಯಮ, 102 ಮತ್ತು ಅದಕ್ಕಿಂತ ಹೆಚ್ಚಿನದು ಅಗಲ. ಅಗಲ ಸಾಲದಿದ್ದಾಗ ಹೆಚ್ಚಿನ ಲಾಸ್ಟ್ ಇರುವ ಬೂಟು ಹುಡುಕಬೇಕೇ ಹೊರತು ಉದ್ದ ಹೆಚ್ಚಿಸಬಾರದು. ಸ್ವಂತ ಬೂಟಾದರೆ ಒತ್ತುವ ಒಂದು ಜಾಗವನ್ನು ಮಾತ್ರ ಬಿಸಿಮಾಡಿ ಹಿಗ್ಗಿಸಿಕೊಡುವ ಕುಶಲಿಗಳೂ ಇದ್ದಾರೆ. ಉದ್ದ ಹೆಚ್ಚಾದ ಬೂಟಿಗೆ ಅಂಥ ಯಾವ ಮದ್ದೂ ಇಲ್ಲ.

ಹೊರಗಿನ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಶೆಲ್ ಎಂದೂ ಒಳಗಿನ ಮೆತ್ತೆಗೆ ಲೈನರ್ ಎಂದೂ ಹೆಸರು. ಲೈನರನ್ನು ಹೊರತೆಗೆದು ಬರಿಗಾಲನ್ನು ಶೆಲ್ಲಿನೊಳಗಿಟ್ಟು, ಬೆರಳುಗಳು ಮುಂದೆ ಹಗುರಾಗಿ ತಾಗುವಂತೆ ಸರಿದು ನಿಂತಾಗ, ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಉಳಿದರೆ ಕಲಿಯುವವರಿಗೆ ಅದು ಸರಿಯಾದ ಬೂಟು. 26 ಮತ್ತು 26.5ಕ್ಕೆ ಶೆಲ್ ಸಾಮಾನ್ಯವಾಗಿ ಒಂದೇ ಆಗಿರುವುದರಿಂದ ಅರ್ಧ ನಂಬ್ರಕ್ಕಾಗಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಆಮೇಲೆ ನಾನು 102ರ ಲಾಸ್ಟಿನ, 26.5ರ ಬೂಟನ್ನು ಕೊಂಡೆ. ಅಳಿಯನ ಪಾದವೂ ಹೆಚ್ಚುಕಡಿಮೆ ನನ್ನಷ್ಟೇ ಇರುವುದರಿಂದ ಕಳೆದ ವಾರ ಜಗಲಿಯಲ್ಲಿ ಅದನ್ನು ಅವನಿಗೆ ಹಾಕಿಸಿದೆ. ಎದ್ದು ನಿಂತವನೇ “ಮಾವ, ಬೆರಳು ತಾಗ್ತದೆ, ಇದು ಸಣ್ಣದಾಯ್ತು” ಎಂದ. ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಲು ಹೇಳಿ, ಮೇಲಿನ ಬಕಲ್‌ಗಳನ್ನು ಮೊದಲು, ಪಾದದ ಮೇಲಿನವುಗಳನ್ನು ಆಮೇಲೆ ಸಡಿಲವಾಗಿ ಹಾಕಿ, ಮೊಣಕಾಲು ಬಾಗಿಸಿ ಬೂಟಿನ ನಾಲಗೆಗೆ ಒರಗಿಕೋ ಎಂದೆ. ಬಾಗಿದ. “ಈಗ ತಾಗುದಿಲ್ಲ” ಎಂದು ನನ್ನ ಮುಖ ನೋಡಿದ. ನೆಟ್ಟಗೆ ನಿಂತಾಗ ಬೆರಳು ತಾಗುವುದು, ಬಾಗಿದಾಗ ಬಿಡಿಸಿಕೊಳ್ಳುವುದು, ಹಿಮ್ಮಡಿ ಮಾತ್ರ ಕದಲದೆ ಇರುವುದು, ಈ ಮೂರೂ ಕೂಡಿ ಬಂದರೆ ಬೂಟು ಹೊಂದಿದೆ ಎಂದು ತಿಳಿಯಬಹುದು.

ಚಳಿಗೆಂದು ಎರಡು ಸಾಕ್ಸ್ ಹಾಕುವ ಯೋಚನೆಯೂ ಅವನಿಗಿತ್ತು. ಬೇಡವೆಂದೆ. ದಪ್ಪ ಸಾಕ್ಸ್ ಒಳಗೆ ಮಡಚಿಕೊಂಡು ರಕ್ತದ ಓಟಕ್ಕೆ ಅಡ್ಡಿಮಾಡಿದರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಮೊಣಕಾಲಿನವರೆಗೆ ಬರುವ ತೆಳ್ಳಗಿನ ಒಂದು ಉಣ್ಣೆಯ ಸಾಕ್ಸ್ ಸಾಕು. ನಮ್ಮ ಸೆಕೆಯಲ್ಲಿ ಸುಲಭವಾಗಿ ಬಾಗುವ ಶೆಲ್ ಅಲ್ಲಿಯ ಚಳಿಗೆ ಗಡುಸಾಗುವುದರಿಂದ, ರಾತ್ರಿ ಬೂಟನ್ನು ಬೆಚ್ಚಗಿನ ಕೋಣೆಯಲ್ಲೇ ಇಡಬೇಕೆಂದೂ ಹೇಳಿದ್ದೇನೆ.

ಅವನು ಬಾಡಿಗೆಯ ಬೂಟನ್ನೇ ಹಾಕುವವನು. ಹಲವರ ಕಾಲು ಸೇರಿ ಅವುಗಳ ಲೈನರ್ ಆಗಲೇ ಅದುಮಿ ತೆಳ್ಳಗಾಗಿ ಒಳಗೆ ಸಡಿಲವಾಗಿರುತ್ತದೆ, ಆದ್ದರಿಂದ ಅಂಗಡಿಯಲ್ಲಿ ಮೊದಲು 26.5 ಕೇಳಿ, ಅದರಲ್ಲೂ ಹಿಮ್ಮಡಿ ಎದ್ದರೆ 25.5 ಹಾಕಿ ನೋಡು ಎಂದಿದ್ದೇನೆ. ಎರಡೂ ಪಾದಗಳ ಗೆರೆ ಎಳೆದ ಕಾಗದವನ್ನು ಅವನು ಟಿಕೆಟಿನ ಜತೆ ಮಡಚಿಟ್ಟುಕೊಂಡಿದ್ದಾನೆ.