ಬ್ಲೇಡ್ ತಿನ್ನುವ 3.2 ಮಿ.ಮೀ.

ಕ್ಯಾಬಿನೆಟ್ ಕೆಲಸಕ್ಕೆ ಎಸ್ಟಿಮೇಟ್ ಸಾಫ್ಟ್‌ವೇರ್ ಕೊಳ್ಳುವವರು ಮೊದಲು ಮಾಡಬೇಕಾದದ್ದು ಒಂದೇ: ಮಾರುವವರ ಡೆಮೊ ಅಡುಗೆಮನೆಯನ್ನು ಬದಿಗಿಟ್ಟು, ತಾವೇ ಮಾಡಿ ಮುಗಿಸಿದ ಒಂದು ಕೆಲಸವನ್ನು ಅದಕ್ಕೆ ತಿನ್ನಿಸಿ ನೋಡುವುದು. ಎಷ್ಟು ಪ್ಲೈವುಡ್ ಶೀಟ್ ಹೋಯಿತು, ಎಷ್ಟು ಹಿಂಜ್ ಹೋಯಿತು, ಎಷ್ಟು ಆಳು ಹಿಡಿಯಿತು ಎಂಬುದು ಬಿಲ್ಲಿನಲ್ಲೂ ಹಾಜರಿ ಪುಸ್ತಕದಲ್ಲೂ ಇರುತ್ತದೆ. ಸಾಫ್ಟ್‌ವೇರ್ ಆ ಅಂಕಿಗಳ ಹತ್ತಿರ ಬರಬೇಕು.

ಪೀಣ್ಯದ ನಮ್ಮ ಮರಗೆಲಸದ ಶೆಡ್‌ನಲ್ಲಿ ಒಂದು ಶನಿವಾರವನ್ನು ಪೂರ್ತಿ ಇದಕ್ಕೇ ಇಟ್ಟೆವು. ಮೂರು ಟ್ರಯಲ್ ಸಾಫ್ಟ್‌ವೇರ್, ಪಕ್ಕದಲ್ಲಿ ಹಳೆಯ ಕೆಲಸದ ಫೈಲ್, ಲೆಕ್ಕ ನೋಡಲು ಎಸ್ಟಿಮೇಟ್ ಮಾಡುವವರು, ತಪ್ಪು ಹಿಡಿಯಲು ಪ್ಯಾನೆಲ್ ಸಾ (ಹಲಗೆ ಕತ್ತರಿಸುವ ಮೆಷಿನ್) ಮೇಲೆ ನಿಲ್ಲುವ ಮೇಸ್ತ್ರಿ. ಮೇಸ್ತ್ರಿಯನ್ನು ಕೂರಿಸಿಕೊಳ್ಳದೆ ಈ ಪರೀಕ್ಷೆ ಮಾಡಬಾರದು. ಕಂಪ್ಯೂಟರ್ ಮುಂದೆ ಕೂತವರಿಗೆ ಎಲ್ಲ ಹಲಗೆಯೂ ಕತ್ತರಿಸಬಹುದಾದ ಹಲಗೆಯಾಗಿಯೇ ಕಾಣುತ್ತದೆ.

ಈ ಸಾಫ್ಟ್‌ವೇರ್‌ಗಳಲ್ಲಿ ಎರಡು ಜಾತಿ. ಬ್ಲೂಬೀಮ್, ಪ್ಲ್ಯಾನ್‌ಸ್ವಿಫ್ಟ್ ಥರದವು ಆರ್ಕಿಟೆಕ್ಟ್ ಕಳಿಸಿದ ಪಿಡಿಎಫ್ ಮೇಲೆ ಗೆರೆ ಎಳೆದು ಉದ್ದ, ವಿಸ್ತೀರ್ಣ, ಸಂಖ್ಯೆ ತೆಗೆಯುವಂಥವು. ಕ್ಯಾಬಿನೆಟ್ ವಿಷನ್, ಮೊಸಾಯಿಕ್ ಥರದವು ಬಾಕ್ಸನ್ನೇ ಕಟ್ಟಿ, ಅದರ ಒಂದೊಂದು ಹಲಗೆಯ ಅಳತೆ ಕೊಡುವಂಥವು. ಸ್ಕೆಚ್‌ಅಪ್‌ನಲ್ಲಿ ಈಗಾಗಲೇ ಡ್ರಾಯಿಂಗ್ ಮಾಡುವವರು ಓಪನ್‌ಕಟ್‌ಲಿಸ್ಟ್ ಎಂಬ ಉಚಿತ ಎಕ್ಸ್‌ಟೆನ್ಶನ್ ಹಾಕಿಕೊಂಡು ಕಟಿಂಗ್ ಲಿಸ್ಟ್‌ವರೆಗೆ ಹೋಗಬಹುದು. ಸಣ್ಣ ಶೆಡ್‌ಗೆ ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಟೆಂಡರ್ ಕೆಲಸ, ಆಫೀಸ್ ಪ್ಯಾನೆಲಿಂಗ್, ನೂರಾರು ಬಾಗಿಲು ಇರುವವರಿಗೆ ಮೊದಲ ಜಾತಿ ಬೇಕು. ಮನೆಮನೆಯ ಕಿಚನ್, ವಾರ್ಡ್‌ರೋಬ್ ಮಾಡುವವರಿಗೆ ಎರಡನೆಯದು. ಅಂದು ಎರಡೂ ಜಾತಿಯವನ್ನು ನೋಡಿದೆವು. ಹೆಸರು ಮುಖ್ಯವಲ್ಲ, ಎಡವಿದ ಜಾಗಗಳು ಮುಖ್ಯ.

ಮೊದಲ ಎಡವಟ್ಟು ಸ್ಕೇಲ್‌ನದು. ಎ1 ಹಾಳೆಯಲ್ಲಿ 1:50ಕ್ಕೆ ಬರೆದ ಡ್ರಾಯಿಂಗನ್ನು ಎ3ಗೆ ಇಳಿಸಿ ಪಿಡಿಎಫ್ ಮಾಡಿರುತ್ತಾರೆ. ಮೂಲೆಯಲ್ಲಿ ಮಾತ್ರ 1:50 ಎಂದೇ ಉಳಿದಿರುತ್ತದೆ, ನಿಜವಾದ ಸ್ಕೇಲ್ 1:100 ಆಗಿಹೋಗಿರುತ್ತದೆ. ಅದನ್ನು ನಂಬಿದರೆ 3000 ಮಿ.ಮೀ. ಪ್ಲಾಟ್‌ಫಾರ್ಮ್ (ಅಡುಗೆ ಕಟ್ಟೆ) 1500 ಎಂದು ಬರುತ್ತದೆ, ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. ಬೀಳದಿರುವುದು ಸಣ್ಣದು: 600ರ ಒಂದು ಬಾಕ್ಸ್ ಹಿಡಿದು, ಅದರ ಎರಡು ತುದಿಗೆ ಕ್ಲಿಕ್ ಮಾಡಿ ಸ್ಕೇಲ್ ಹೊಂದಿಸುವಾಗ ಒಂದು ಕ್ಲಿಕ್ 5 ಮಿ.ಮೀ. ಆಚೀಚೆಯಾದರೆ ಇಡೀ ಹಾಳೆಯ ಅಳತೆ ಸುಮಾರು 0.8% ತಪ್ಪುತ್ತದೆ. 6000ದ ಗೋಡೆ ಹಿಡಿದು ಹೊಂದಿಸಿದರೆ ಅದೇ ಕೈತಪ್ಪು 0.08%. ಹಾಳೆಯಲ್ಲಿ ಬರೆದಿರುವ ಅತಿ ಉದ್ದದ ಅಳತೆಯನ್ನೇ ಹಿಡಿಯಬೇಕು, ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ನೋಡಬೇಕು, ಪ್ರತಿ ಹಾಳೆಗೂ ಮತ್ತೆ ಮಾಡಬೇಕು.

ಅಲ್ಲಿಂದ ಬಾಕ್ಸ್‌ಗೆ ಬಂದೆವು. 600 ಅಗಲ, 720 ಎತ್ತರ, 560 ಆಳದ (ಎಲ್ಲ ಮಿ.ಮೀ.) ಸಾದಾ ಬೇಸ್ ಯೂನಿಟ್, ಅಂದರೆ ಕಟ್ಟೆಯ ಕೆಳಗಿನ ಕ್ಯಾಬಿನೆಟ್. ಬೆಂಗಳೂರಿನಲ್ಲಿ ಗಿರಾಕಿ ಕೇಳುವುದು ಸ್ಕ್ವೇರ್ ಫೀಟ್ ರೇಟ್, ಅದೂ ಮುಂಭಾಗದ ಅಳತೆಗೆ. ಈ ಬಾಕ್ಸ್‌ನ ಮುಂಭಾಗ 4.65 ಚದರಡಿ. ಎರಡು ಬದಿ, ಒಂದು ತಳ, ಒಂದು ಶೆಲ್ಫ್, ಮೇಲೆ 100 ಮಿ.ಮೀ. ಅಗಲದ ಎರಡು ಪಟ್ಟಿ ಸೇರಿದರೆ 18 ಮಿ.ಮೀ. ಪ್ಲೈವುಡ್ ಒಳಗಿನದೇ ಸುಮಾರು 16.5 ಚದರಡಿ ಆಗುತ್ತದೆ, ಶಟರ್ (ಮುಂದಿನ ಬಾಗಿಲು) ಮತ್ತು ಬ್ಯಾಕ್ ಬೇರೆ. ಅದೇ ಮುಂಭಾಗದ ಹಿಂದೆ ಮೂರು ಡ್ರಾಯರ್ ಇಟ್ಟರೆ? ಮುಂಭಾಗ ಆಗಲೂ 4.65 ಚದರಡಿಯೇ. ಒಳಗೆ ಮಾತ್ರ 12 ಪಟ್ಟಿ, 3 ತಳ, ಡ್ರಾಯರ್ ಜಾರುವ 3 ಜೊತೆ ಚಾನೆಲ್ ಹೆಚ್ಚಿಗೆ ಬಂದು ಕೂತಿರುತ್ತದೆ. ಮುಂಭಾಗಕ್ಕೆ ರೇಟ್ ಹಾಕಿ ಗುಣಿಸುವ ಸಾಫ್ಟ್‌ವೇರ್‌ಗಿಂತ ಎಕ್ಸೆಲ್ ಸಾಕು. ಬೇಕಾದದ್ದು ಒಳಗೆ ಹಲಗೆ ಲೆಕ್ಕದಲ್ಲಿ ಖರ್ಚು ತೆಗೆದು, ಗಿರಾಕಿಯ ಹಾಳೆಯಲ್ಲಿ ಅದನ್ನು ಚದರಡಿಗೆ ತಿರುಗಿಸಿ ತೋರಿಸುವಂಥದ್ದು.

ಮಧ್ಯಾಹ್ನದ ಊಟಕ್ಕೆ ಮುಂಚೆ ಮೇಸ್ತ್ರಿ ಸಾಫ್ಟ್‌ವೇರ್ ಕೊಟ್ಟ ಒಂದು ಕಟಿಂಗ್ ಹಾಳೆ ಮೇಲೆ ಬೆರಳಿಟ್ಟರು. 2440 ಉದ್ದದ ಶೀಟಿನ ಒಂದು ಪಟ್ಟಿಯಲ್ಲಿ 720ರ ಒಂದು ಬದಿ, 564ರ (600ರಲ್ಲಿ ಎರಡು ಬದಿಯ 18-18 ಕಳೆದು) ಮೂರು ತಳ ಕೂರಿಸಿತ್ತು. ಒಟ್ಟು 2412. ಎರಡೂ ತುದಿ 10-10 ಮಿ.ಮೀ. ಟ್ರಿಮ್ ಮಾಡಿದರೆ ಉಳಿಯುವುದು 2420. ತೆರೆಯ ಮೇಲೆ ಚೆನ್ನಾಗಿಯೇ ಕೂತಿದೆ.

"ಇದು ಬರಲ್ಲ ಸಾರ್. ಬ್ಲೇಡ್ ತಿನ್ನೋದನ್ನ ಲೆಕ್ಕಕ್ಕೇ ತಗೊಂಡಿಲ್ಲ."

ನಿಜ. ನಾಲ್ಕು ತುಂಡಿನ ನಡುವೆ ಮೂರು ಕಟ್. ಬ್ಲೇಡಿನ ದಪ್ಪ 3.2 ಮಿ.ಮೀ. ಅಂದರೆ 9.6 ಮಿ.ಮೀ. ಪುಡಿಯಾಗಿ ಹೋಗುತ್ತದೆ. ಬೇಕಾದದ್ದು 2421.6, ಇರುವುದು 2420. ಸಾಫ್ಟ್‌ವೇರ್‌ನಲ್ಲಿ ಬ್ಲೇಡ್ ದಪ್ಪದ ಖಾನೆ ಸೊನ್ನೆಯಾಗಿತ್ತು. 3.2 ತುಂಬಿದ ಕೂಡಲೇ ಒಂದೊಂದು ಪಟ್ಟಿಯಿಂದಲೂ ಒಂದು ತಳ ಹೊರಬಿತ್ತು, ಶೀಟಿನ ಸಂಖ್ಯೆ ಏರಿತು, ಬಿಲ್ಲಿನಲ್ಲಿ ಇದ್ದದ್ದಕ್ಕಿಂತ ಹೆಚ್ಚಾಯಿತು. ಹಾಗಾದರೆ ಹಳೆಯ ಕೆಲಸ ಕಡಿಮೆ ಶೀಟಿನಲ್ಲಿ ಮುಗಿದದ್ದು ಹೇಗೆ?

ಉತ್ತರ ದಪ್ಪ ಅಳೆಯುವ ಕ್ಯಾಲಿಪರ್‌ನಲ್ಲಿತ್ತು. ಹೊರದೇಶದ ಬಹಳಷ್ಟು ಸಾಫ್ಟ್‌ವೇರ್ ಒಂದು ಹಲಗೆ ಎಂದರೆ ಒಂದು ಮೆಟೀರಿಯಲ್ ಎಂದು ನಂಬಿರುತ್ತದೆ, ಅಲ್ಲಿ ಮೊದಲೇ ಮೇಲ್ಮೈ ಅಂಟಿಸಿದ ಬೋರ್ಡ್ ತರುತ್ತಾರೆ. ನಮ್ಮ ಶೆಡ್‌ಗಳಲ್ಲಿ ಪ್ಲೈವುಡ್‌ಗೆ ಎರಡೂ ಬದಿ ಲ್ಯಾಮಿನೇಟ್ ಅಂಟಿಸಿ ಪ್ರೆಸ್ ಮಾಡುತ್ತೇವೆ. 18ಕ್ಕೆ ಎರಡೂ ಬದಿ 0.8ರ ಲೈನರ್ (ತೆಳು ಲ್ಯಾಮಿನೇಟ್) ಸೇರಿದರೆ 19.6. ಆಗ 600ರ ಬಾಕ್ಸ್‌ನ ತಳ 564 ಅಲ್ಲ, 560.8. ಲೆಕ್ಕ ಮತ್ತೆ ಹಾಕಿ: 720, ಮೂರು 560.8, ಮೇಲೆ 9.6. ಒಟ್ಟು 2412. ಪಟ್ಟಿ ಕೂತಿತು, 8 ಮಿ.ಮೀ. ಉಳಿಯಿತು, ಶೀಟಿನ ಸಂಖ್ಯೆ ಬಿಲ್ಲಿಗೆ ಸೇರಿತು. ದಪ್ಪವನ್ನು 18 ಎಂದೇ ಬಿಟ್ಟಿದ್ದರೆ ಎಸ್ಟಿಮೇಟ್ ಮಾತ್ರ ಕೆಡುತ್ತಿರಲಿಲ್ಲ; ತಳ 3.2 ಮಿ.ಮೀ. ಉದ್ದವಾಗಿ ಕತ್ತರಿಸಿ, ಬಾಕ್ಸ್ 603.2 ಆಗಿ, ಅಂಥ ಐದು ಬಾಕ್ಸ್ ಸಾಲಾಗಿ ನಿಲ್ಲಿಸಿದಾಗ 16 ಮಿ.ಮೀ. ಗೋಡೆಯೊಳಗೆ ಹೋಗಬೇಕಾಗುತ್ತಿತ್ತು.

ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಒಂದು ಹಲಗೆಗೆ ಪ್ಲೈವುಡ್, ಹೊರ ಲ್ಯಾಮಿನೇಟ್, ಒಳ ಲೈನರ್ ಎಂದು ಮೂರು ಪದರ ಕೊಟ್ಟು, ಮೂರಕ್ಕೂ ಬೇರೆ ರೇಟ್ ಹಾಕಿ, ಒಟ್ಟು ದಪ್ಪದಿಂದ ಜೋಡಣೆಯ ಅಳತೆ ತೆಗೆಯಲು ಬರುತ್ತದೆಯೇ? ಇದಕ್ಕೆ ಇಲ್ಲ ಎಂದರೆ ಮುಂದಿನ ಪ್ರಶ್ನೆ ಬೇಡ.

ವಾರ್ಡ್‌ರೋಬ್‌ನಲ್ಲಿ ಇನ್ನೊಂದು ಥರ. 3150 ಮಿ.ಮೀ. ಗೋಡೆಗೆ 2100 ಎತ್ತರ, 447 ಅಗಲದ ಏಳು ಶಟರ್. ವಿಸ್ತೀರ್ಣದ ಮೇಲೆ ಹೋಗುವ ಸಾಫ್ಟ್‌ವೇರ್ 2.2 ಶೀಟ್ ಎಂದಿತು, 10% ವೇಸ್ಟೇಜ್ ಸೇರಿಸಿ 2.43, ಅಂದರೆ ಮೂರು ಶೀಟ್. ಆದರೆ ಮರದ ಗೆರೆ ಇರುವ ಲ್ಯಾಮಿನೇಟ್. ಗೆರೆ ನಿಂತೇ ಇರಬೇಕು, ಹಲಗೆ ತಿರುಗಿಸುವಂತಿಲ್ಲ. ಶೀಟಿನ 1220 ಅಗಲದಲ್ಲಿ 447 ಎರಡೇ ಬರುವುದು, ಏಳಕ್ಕೆ ನಾಲ್ಕು ಶೀಟ್ ಬೇಕು. ಅದೇ ಗೋಡೆಗೆ ಎಂಟು ಶಟರ್ ಮಾಡಿದರೆ ಅಗಲ ಸುಮಾರು 390, ಒಂದು ಶೀಟಿನಲ್ಲಿ ಮೂರು ಬರುತ್ತವೆ, ಎಂಟಕ್ಕೆ ಮೂರೇ ಶೀಟ್. ಒಂದು ಶಟರ್ ಹೆಚ್ಚಾಗಿ ಒಂದು ಶೀಟ್ ಉಳಿಯುತ್ತದೆ, ಹೆಚ್ಚುವರಿ ಶಟರ್‌ನ ಹಿಂಜ್, ಹ್ಯಾಂಡಲ್ ಕಳೆದು ನೋಡಬೇಕು. ಇಂಥದ್ದನ್ನು ಕೊಟೇಶನ್ ಹಂತದಲ್ಲೇ ತೋರಿಸುವ ಸಾಫ್ಟ್‌ವೇರ್ ತನ್ನ ಬಾಡಿಗೆಯನ್ನು ತಾನೇ ದುಡಿಯುತ್ತದೆ. ವೇಸ್ಟೇಜ್ ಶೇಕಡಾವಾರು ಎಂಬ ಖಾನೆಯನ್ನು ಶೀಟ್ ಮೆಟೀರಿಯಲ್‌ಗೆ ನಂಬಲೇಬಾರದು ಎಂದು ನಮಗೆ ಅನ್ನಿಸಿದ್ದು ಇಲ್ಲಿ.

ಹಲಗೆಯ ಅಂಚಿಗೆ ಅಂಟಿಸುವ ಎಡ್ಜ್ ಬ್ಯಾಂಡ್‌ಗೂ ಸುತ್ತಳತೆ ಸಾಲದು. 597 x 717 ಶಟರ್‌ನ ಸುತ್ತಳತೆ 2.63 ಮೀಟರ್, ಮೆಷಿನ್‌ನಲ್ಲಿ ಒಂದೊಂದು ಅಂಚಿಗೂ 60 ಮಿ.ಮೀ. ಹೊರಚಾಚಿ ಕತ್ತರಿಸಿದರೆ 2.87. ಚಿಕ್ಕ ಡ್ರಾಯರ್ ಮುಖಗಳು ಹೆಚ್ಚಿದಷ್ಟೂ ಈ ಪಾಲು ಏರುತ್ತದೆ. ಹಿಂಜ್ ಎತ್ತರಕ್ಕೆ ತಕ್ಕಂತೆ ಏರಬೇಕು: 720ಕ್ಕೆ ಎರಡು ಸಾಕು, 2100ಕ್ಕೆ ನಾಲ್ಕಾದರೂ ಬೇಕು, ಭಾರದ ಶಟರ್ ಆದರೆ ಐದು. ಒಂದು ಟ್ರಯಲ್‌ನಲ್ಲಿ ಎಲ್ಲ ಶಟರ್‌ಗೂ ಎರಡೇ ಎಂದಿತ್ತು, ನಿಯಮ ಬದಲಿಸಲು ದಾರಿಯೇ ಇರಲಿಲ್ಲ. ಅದನ್ನು ಅಲ್ಲಿಗೇ ಮುಚ್ಚಿದೆವು.

ಬಾಗಿಲ ಚೌಕಟ್ಟು, ಗಟ್ಟಿ ಮರದ ಕೆಲಸ ಇರುವವರು ಮರದ ಯೂನಿಟ್ ನೋಡಿಕೊಳ್ಳಿ. ನಮ್ಮಲ್ಲಿ ಮರ ಘನ ಅಡಿ ಲೆಕ್ಕ, ಅಮೆರಿಕದ ಸಾಫ್ಟ್‌ವೇರ್‌ನಲ್ಲಿ ಬೋರ್ಡ್ ಫೂಟ್. ಒಂದು ಘನ ಅಡಿಗೆ 12 ಬೋರ್ಡ್ ಫೂಟ್. ಘನ ಅಡಿಯ ರೇಟನ್ನು ಆ ಖಾನೆಗೆ ಹಾಕಿದರೆ ಮರ ಹನ್ನೆರಡು ಪಟ್ಟು ದುಬಾರಿಯಾಗುತ್ತದೆ. 5 x 3 ಇಂಚಿನ, 7 ಅಡಿ ಎತ್ತರ, 3.5 ಅಡಿ ಅಗಲದ, ಹೊಸ್ತಿಲಿಲ್ಲದ ಚೌಕಟ್ಟಿಗೆ 1.82 ಘನ ಅಡಿ ಬರಬೇಕು. ಟ್ರಯಲ್‌ನಲ್ಲಿ ಇದೊಂದನ್ನು ಹಾಕಿ ನೋಡಿದರೆ ಗೊತ್ತಾಗುತ್ತದೆ.

ಸಂಜೆ ಉಳಿದದ್ದು ಕೂಲಿ. ಕಟಿಂಗ್, ಪ್ರೆಸ್, ಎಡ್ಜ್ ಬ್ಯಾಂಡ್, ಬೋರಿಂಗ್, ಜೋಡಣೆ, ಸೈಟ್ ಫಿಟಿಂಗ್ ಎಂದು ಒಡೆದು ನಿಮಿಷದಲ್ಲಿ ತುಂಬಬೇಕು. ಶೆಡ್ಡಿನೊಳಗಿನದು ಹಾಜರಿ ಪುಸ್ತಕಕ್ಕೆ ಹತ್ತಿರ ಬಂತು. ಸೈಟ್‌ನದು ಬರಲಿಲ್ಲ, ಯಾವ ಸಾಫ್ಟ್‌ವೇರ್‌ನಲ್ಲೂ ಬರುವುದಿಲ್ಲ. ಹಗಲು ಲಾರಿ ಬಿಡದ ರಸ್ತೆ, ಅಪಾರ್ಟ್‌ಮೆಂಟ್‌ನವರು ಡ್ರಿಲ್ಲಿಂಗ್‌ಗೆ ಕೊಡುವ ಸಮಯ, ಸರ್ವಿಸ್ ಲಿಫ್ಟ್‌ಗೆ ಹಿಡಿಸದ ಟಾಲ್ ಯೂನಿಟ್ ಅದಕ್ಕೆ ಗೊತ್ತಿಲ್ಲ. ಎಷ್ಟನೆಯ ಮಹಡಿ, ಲಿಫ್ಟ್‌ನ ಒಳ ಎತ್ತರ, ಕೆಲಸದ ಗಂಟೆ ಎಂದು ಮೂರು ಸಾಲು ನಾವೇ ಸೇರಿಸಿಕೊಂಡೆವು. ಹಾಗೆ ಸಾಲು ಸೇರಿಸಲು ಬಿಡುವ ಸಾಫ್ಟ್‌ವೇರ್ ಆಗಿರಬೇಕು.

ಲಾಭದ ಖಾನೆಯನ್ನೂ ಒಮ್ಮೆ ಪರೀಕ್ಷಿಸಿ. ಒಂದು ಲಕ್ಷದ ಖರ್ಚಿಗೆ 20 ಎಂದು ತುಂಬಿ. 1,20,000 ತೋರಿಸಿದರೆ ಅದು ಖರ್ಚಿನ ಮೇಲೆ ಸೇರಿಸಿದೆ, ಮಾರಾಟದ ಬೆಲೆಯಲ್ಲಿ ನಿಮಗೆ ಉಳಿಯುವುದು 16.67% ಮಾತ್ರ. 1,25,000 ತೋರಿಸಿದರೆ ಮಾರಾಟದ ಮೇಲಿನ 20%. ಜಿಎಸ್‌ಟಿ ಇದರೊಳಗೆ ಸೇರದೆ ಕೊನೆಯ ಸಾಲಿನಲ್ಲಿ ಬೇರೆ ನಿಲ್ಲಬೇಕು.

ಆಯ್ದುಕೊಂಡದ್ದಕ್ಕೆ ಭಾನುವಾರ ಕೂತು ಮೆಟೀರಿಯಲ್ ಪಟ್ಟಿ ತುಂಬಿದೆವು. ಪ್ಲೈವುಡ್‌ನ ಪ್ರತಿ ಬ್ರ್ಯಾಂಡ್‌ಗೂ ಕ್ಯಾಲಿಪರ್‌ನಲ್ಲಿ ಅಳೆದ ದಪ್ಪ, ಪ್ರತಿ ರೇಟ್ ಪಕ್ಕದಲ್ಲಿ ಆ ರೇಟ್ ಬಂದ ಬಿಲ್ಲಿನ ತಾರೀಖು. ಬ್ಲೇಡ್ ಸಾಣೆಗೆ ಹೋಗಿ ಬಂದಾಗಲೆಲ್ಲ ಒಂದು ಚೂರಿನ ಮೇಲೆ ಕಟ್ ಹಾಕಿ ಅಗಲ ಅಳೆದು, ಹೊಸ ಅಂಕಿಯನ್ನು ಮೇಸ್ತ್ರಿಯೇ ಬಂದು ಹೇಳುವುದೆಂದು ಮಾತಾಯಿತು.