ಕ್ಲಚ್ ಪೈಪ್ ಸೋರಿಕೆ: ಸಾಗರದ ಶೆಡ್ಡಿನಿಂದ ಕೆಲಸದ ವರದಿ

ಮೊದಲ ಭಾನುವಾರ

ಹೊನ್ನಾವರದಿಂದ ಮನೆಗೆ ಬರುತ್ತಿದ್ದೆವು. ಗೇರುಸೊಪ್ಪ ಘಾಟಿಯ ತಿರುವುಗಳಲ್ಲಿ ಸೆಕೆಂಡ್ ಗೇರ್ ಬೀಳೋಕೆ ಸ್ವಲ್ಪ ತಡೆಯುತ್ತಿತ್ತು. ಮಾವಿನಗುಂಡಿಯಲ್ಲಿ ಚಹಾ ಕುಡಿದು ಹೊರಡೋಣ ಅಂತ ರಿವರ್ಸ್ ಹಾಕಿದರೆ ಕರ್ರ್ ಅಂತ ಸದ್ದು. ಪೆಡಲ್ ಕೆಸರಿಗೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗೇರ್ ಬಿತ್ತು. ಹಾಗೇ ನಿಧಾನಕ್ಕೆ ಮನೆ ಮುಟ್ಟಿದೆವು.

ಎಂಜಿನ್ ಆಫ್ ಮಾಡಿ ನೋಡಿದೆ. ಎಲ್ಲ ಗೇರೂ ಸಲೀಸಾಗಿ ಬೀಳುತ್ತಿವೆ. ಅಂದರೆ ಗೇರ್ ಬಾಕ್ಸ್ ತಪ್ಪಲ್ಲ, ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಬಾನೆಟ್ ತೆಗೆದರೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಮಿನಿಮಮ್ ಗೆರೆಗಿಂತ ಕೆಳಗೆ. ನನ್ನ ಹಳೇ ಡೀಸೆಲ್ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಕ್ಲಚ್ಚಿಗೆ ಹೋಗುವ ಪೈಪು ಡಬ್ಬಿಯ ಮೇಲ್ಭಾಗದಲ್ಲಿದೆ, ಬ್ರೇಕಿನ ಪಾಲು ಅದಕ್ಕಿಂತ ಕೆಳಗೆ ಉಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಕೈಕೊಡದೆ ಇದ್ದದ್ದು ಅದರಿಂದಲೇ. ಇದು ನೆನಪಾದಾಗ ಮೈ ಝುಂ ಅಂದಿತು. ಸರಿ ಆಗೋವರೆಗೂ ಕಾರು ತೆಗೆಯೋದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಸೋಮವಾರ

ಮನೆಗೆ ಬಂದ ಮೆಕ್ಯಾನಿಕ್ ಒಬ್ಬರು ಪೆಡಲ್ ಒತ್ತಿ ನೋಡಿ, “ಕ್ಲಚ್ ಪ್ಲೇಟ್ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸ್ಬೇಕು” ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಪ್ಲೇಟ್ ಸವೆದಿದ್ದರೆ ಎಂಜಿನ್ ಜೋರಾಗಿ ಕೂಗುತ್ತದೆ, ಕಾರು ಮಾತ್ರ ಏರು ಹತ್ತೋದಿಲ್ಲ. ನಮ್ಮದು ನಾಲ್ಕು ಜನರನ್ನು ಕೂರಿಸಿಕೊಂಡು ಇಡೀ ಘಾಟಿ ಹತ್ತಿತ್ತು. ಅದೂ ಅಲ್ಲದೆ ಪ್ಲೇಟ್ ಸವೆದರೆ ಡಬ್ಬಿಯ ಆಯಿಲ್ ಯಾಕೆ ಖಾಲಿಯಾಗಬೇಕು? ಆಯಿಲ್ ಎಲ್ಲಿಂದ ಹೋಗುತ್ತಿದೆ ಅಂತ ಗೊತ್ತಾಗದೆ ಒಂದು ಬೋಲ್ಟನ್ನೂ ಬಿಚ್ಚಬಾರದು ಅನಿಸಿತು.

ರಾತ್ರಿ ಕಾರಿನ ಕೆಳಗೆ ಹಳೇ ಪೇಪರ್ ಹಾಸಿದೆ. ಬೆಳಿಗ್ಗೆ ಎರಡು ಕಲೆ. ಒಂದು ಕಪ್ಪು, ಇನ್ನೊಂದು ತೆಳು ಕಂದು. ಎಂಜಿನ್ ಆಯಿಲ್ಲೋ ಬ್ರೇಕ್ ಆಯಿಲ್ಲೋ ತಿಳಿಯೋಕೆ ಸುಲಭದ ದಾರಿ ಇದೆ. ಹನಿಯನ್ನು ಒಂದು ಲೋಟ ನೀರಿಗೆ ಬಿಡಬೇಕು. ಎಂಜಿನ್ ಆಯಿಲ್ ತೇಲುತ್ತದೆ, ಬ್ರೇಕ್ ಆಯಿಲ್ ನೀರಲ್ಲಿ ಕರಗುತ್ತದೆ. ಹೆಸರಿಗೆ ಆಯಿಲ್ ಅಂದರೂ ಬ್ರೇಕ್ ಆಯಿಲಿನ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯವು. ಕಂದು ಹನಿ ಕರಗಿತು.

ಎರಡನೇ ಶನಿವಾರ

ಮೊದಲು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ಪೆಡಲ್ ಮೇಲಿನ, ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಾಡ್ ಸುತ್ತ ಬೆರಳಾಡಿಸಿದೆ. ಒಣಗಿತ್ತು. ಆಮೇಲೆ ಗೇರ್ ಬಾಕ್ಸ್ ಪಕ್ಕದ, ಆ ಆಯಿಲಿನ ಒತ್ತಡಕ್ಕೆ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್. ಅದರ ರಬ್ಬರ್ ಟೋಪಿ ಸರಿಸಿದೆ. ಒಳಗೆ ಧೂಳು ಬಿಟ್ಟರೆ ಏನೂ ಇಲ್ಲ. ಸ್ಲೇವ್ ಹೊರಗಿದ್ದದ್ದು ನನ್ನ ಅದೃಷ್ಟ. ಕೆಲವು ಕಾರುಗಳಲ್ಲಿ ಅದು ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಎಂಬ ಕವಚದ ಒಳಗೇ ಇರುತ್ತದೆ, ಅಲ್ಲಿ ಸೋರಿದರೆ ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ.

ಉಳಿದದ್ದು ನಡುವಿನ ಪೈಪ್. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಉದ್ದಕ್ಕೂ ಟಾಲ್ಕಮ್ ಪೌಡರ್ ಉದುರಿಸಿದೆ. ಅರ್ಧ ಗಂಟೆ ಕಾದರೂ ಒಂದು ಗುರುತಿಲ್ಲ. ಆಗ ಹೊಳೆಯಿತು, ಪೆಡಲ್ ಒತ್ತಿದಾಗ ತಾನೇ ಪೈಪಿನಲ್ಲಿ ಒತ್ತಡ ಬರೋದು! ಅಪ್ಪನನ್ನು ಕರೆದು ಸೀಟಿನಲ್ಲಿ ಕೂರಿಸಿದೆ. ಬ್ಯಾಟರಿ ಬಿಚ್ಚಿ ಪಕ್ಕಕ್ಕಿಟ್ಟು ಮೊಬೈಲ್ ಟಾರ್ಚ್ ಹಿಡಿದೆ.

“ಅಪ್ಪಾ, ಈಗ ಒತ್ತಿ.”

“ಒತ್ತಿದೀನಿ ಕಣೋ.”

“ಬಿಡಬೇಡಿ, ಹಾಗೇ ಹಿಡ್ಕೊಳ್ಳಿ.”

ಕಬ್ಬಿಣದ ಪೈಪ್ ಮುಗಿದು ರಬ್ಬರ್ ಹೋಸ್ ಶುರುವಾಗುವ ಜಾಗ. ಬಿಳಿ ಪೌಡರಿನ ಮೇಲೆ ಸಾಸಿವೆ ಕಾಳಿನಷ್ಟು ಒದ್ದೆ ಚುಕ್ಕೆ ಮೂಡಿತು. ನೋಡನೋಡುತ್ತಲೇ ದೊಡ್ಡದಾಗಿ ಕೆಳಗೆ ಗೆರೆ ಎಳೆಯಿತು. ಅಪ್ಪ ಕಾಲು ತೆಗೆದ ಕೂಡಲೇ ನಿಂತಿತು. ಹೋಸ್ ಹಿಡಿದಿಡುವ ಕ್ಲಿಪ್ ಎಲ್ಲೋ ಬಿದ್ದುಹೋಗಿ, ಅದು ಬ್ಯಾಟರಿ ಟ್ರೇಯ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಸವೆದಿತ್ತು. ಗುಂಡುಸೂಜಿ ತೂರದಷ್ಟು ಸಣ್ಣ ಬಿರುಕು. ನಾನು ಅಪ್ಪನನ್ನೂ ಇಳಿಸಿ ಕರೆತಂದು ತೋರಿಸಿದೆ, ಅಷ್ಟು ಖುಷಿಯಾಗಿತ್ತು.

ಎರಡನೇ ಭಾನುವಾರ

ಹೊಸ ಹೋಸ್, ಎರಡು ತಾಮ್ರದ ವಾಷರ್, ಕ್ಲಿಪ್, ಅರ್ಧ ಲೀಟರ್ ಡಾಟ್ 4 ತಂದಿದ್ದೆ. ಹಿಂದಿನ ರಾತ್ರಿಯೇ ಪೈಪಿಗೆ ಹೋಸ್ ಸೇರಿಸುವ ನಟ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ. ಮಲೆನಾಡಿನ ಮಳೆಯಲ್ಲಿ ಈ ನಟ್ ಕಚ್ಚಿಕೊಂಡಿರುತ್ತದೆ. ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಪೈಪ್ ನಟ್ಟಿಗೆ ಅಂತಲೇ ಬರುವ, ನಟ್ಟಿನ ಆರು ಬದಿಗಳಲ್ಲಿ ಐದನ್ನು ತಬ್ಬಿ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರನ್ನು ಪಕ್ಕದ ಬೀದಿಯ ಗೆಳೆಯನಿಂದ ತಂದೆ. ಒಂದೇ ಏಟಿಗೆ ಸಡಿಲವಾಯಿತು. ಬಿಚ್ಚುವ ಮುಂಚೆ ಡಬ್ಬಿಯ ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡಿದ್ದೆ. ಗಾಳಿ ಒಳಗೆ ಹೋಗದಿದ್ದರೆ ಆಯಿಲ್ ಜಾಸ್ತಿ ಸುರಿಯೋದಿಲ್ಲ. ಫೆಂಡರ್ ಮೇಲೆ ಒದ್ದೆ ಬಟ್ಟೆ ಹಾಸಿದ್ದೆ, ಯಾಕಂದರೆ ಈ ಆಯಿಲ್ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಸ್ಲೇವ್ ಕಡೆ ಹೋಸನ್ನು ಹಿಡಿದಿಡುವ, ಆಯಿಲ್ ಹೋಗೋಕೆ ಒಳಗೆ ತೂತಿರುವ ಬ್ಯಾಂಜೋ ಬೋಲ್ಟಿಗೆ ಹೋಸಿನ ತುದಿಯ ಎರಡೂ ಬದಿ ಹೊಸ ವಾಷರ್. ಹಳೇದನ್ನೇ ಹಾಕಿ ಇನ್ನೊಂದು ಸೋರಿಕೆ ತಂದುಕೊಳ್ಳೋದು ಬೇಡ ಅಲ್ವಾ?

ಆಮೇಲೆ ಪೈಪಿನೊಳಗೆ ಸೇರಿದ ಏರ್ ತೆಗೆಯೋ ಕೆಲಸ. ಅಪ್ಪ ಪೆಡಲ್ ಒತ್ತಿ ಹಿಡಿಯೋದು, ನಾನು ಸ್ಲೇವ್ ಮೇಲಿನ, ಗಾಳಿ ಹೊರಬಿಡುವ ನಿಪ್ಪಲ್ ಬಿಚ್ಚಿ ಮುಚ್ಚೋದು, ಆಮೇಲೆ ಅಪ್ಪ ಬಿಡೋದು. ಮೆಡಿಕಲ್ ಶಾಪಿನ ಸಲೈನ್ ಪೈಪ್ ನಿಪ್ಪಲ್‌ಗೆ ಸಿಕ್ಕಿಸಿದ್ದರಿಂದ ಗುಳ್ಳೆಗಳು ಚೆನ್ನಾಗಿ ಕಾಣುತ್ತಿದ್ದವು. ಮೊದಲು ಡಿಕಾಕ್ಷನ್ ಬಣ್ಣದ ಹಳೇ ಆಯಿಲ್, ಆಮೇಲೆ ಬರೀ ನೊರೆ. ನಲವತ್ತು ಸಲ ಒತ್ತಿದರೂ ಪೆಡಲ್ ಅರ್ಧಕ್ಕೆ ಮೆತ್ತಗೇ ಇತ್ತು. ಅಪ್ಪನ ಮೊಣಕಾಲು ನೋಯೋಕೆ ಶುರುವಾಯಿತು, ನಿಲ್ಲಿಸಿದೆವು.

ಸೋಮವಾರ ಸಂಜೆ

ಪೈಪ್ ಒಂದು ಕಡೆ ಡುಬ್ಬದ ಹಾಗೆ ಮೇಲೆದ್ದು ಇಳಿಯುತ್ತದೆ. ಗಾಳಿ ಅಲ್ಲಿ ಸಿಕ್ಕಿಕೊಂಡಿರಬೇಕು. ಹಾಗಾಗಿ ಉಲ್ಟಾ ಮಾಡಿದೆ. ಡಬ್ಬಿಯಿಂದ ಸ್ವಲ್ಪ ಆಯಿಲ್ ಹೊರಗೆ ತೆಗೆದು, 50 ಎಂಎಲ್ ಸಿರಿಂಜಿನಲ್ಲಿ ಹೊಸ ಆಯಿಲನ್ನು ಕೆಳಗಿನ ನಿಪ್ಪಲಿನಿಂದಲೇ ನಿಧಾನಕ್ಕೆ ಮೇಲಕ್ಕೆ ತಳ್ಳಿದೆ. ಗಾಳಿಗೆ ಮೇಲೆ ಹೋಗೋದೇ ಇಷ್ಟ. ಡಬ್ಬಿಯಲ್ಲಿ ಬುಳು ಬುಳು ಅಂತ ನಾಲ್ಕೈದು ದೊಡ್ಡ ಗುಳ್ಳೆ ಬಂದವು. ನಿಪ್ಪಲ್ ಬಿಗಿ ಮಾಡಿ ಪೆಡಲ್ ಒತ್ತಿದೆ. ಗಟ್ಟಿ! ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದೆ, ಚಿಟಿಕೆ ಹೊಡೆದ ಹಾಗೆ ಬಿತ್ತು.

ಮೂರನೇ ಭಾನುವಾರ

ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಎಳೆದಿದ್ದ ಗೆರೆಯಲ್ಲೇ ಆಯಿಲ್ ನಿಂತಿದೆ. ತಾಳಗುಪ್ಪದವರೆಗೆ ಎರಡು ಸಲ ಹೋಗಿ ಬಂದೆ. ಪೇಪರ್ ಮೇಲೆ ಈಗ ಎಂಜಿನ್ ಆಯಿಲ್ಲಿನ ಒಂದೇ ಕಪ್ಪು ಚುಕ್ಕೆ. ಅದರ ಸರದಿ ಆಮೇಲೆ. ಉಳಿದ ಡಾಟ್ 4 ಬಾಟಲಿಯ ಸೀಲ್ ಒಡೆದಿದೆ, ಇಟ್ಟರೆ ಗಾಳಿಯ ತೇವ ಹೀರಿ ಹಾಳಾಗುತ್ತದೆ. ಕ್ಲಚ್ಚಿನಿಂದ ಬಂದ ಆಯಿಲ್ ಅಷ್ಟು ಕಪ್ಪಗಿದ್ದ ಮೇಲೆ, ಅದೇ ಡಬ್ಬಿಯಿಂದ ಕುಡಿಯುವ ಬ್ರೇಕಿನದೂ ಹಾಗೇ ಇರಬಹುದು. ಇನ್ನೊಂದು ಬಾಟಲಿ ತಂದು ಬುಧವಾರದ ರಜೆಯಲ್ಲಿ ನಾಲ್ಕೂ ಚಕ್ರದ ಬ್ರೇಕ್ ಆಯಿಲ್ ಬದಲಾಯಿಸುತ್ತೇನೆ. ಪೆಡಲ್ ಒತ್ತೋಕೆ ಈ ಸಲ ತಮ್ಮ ಬರುತ್ತಾನೆ.